ನಾಲ್ಕು ಬೆರಳು ದೂರ

ಮಷಿನ್ನಿನ ಸೂಜಿಗೆ ದಾರ ಪೋಣಿಸುವಾಗ ನೀವು ಏನನ್ನು ನೋಡುತ್ತೀರಿ? ದಾರದ ತುದಿಯನ್ನೋ, ಸೂಜಿಯ ಕಣ್ಣನ್ನೋ?

ಮೂವತ್ತು ವರ್ಷದಿಂದ ಸೋಲಾಪುರದ ಈ ಒಂದೇ ಕೋಣೆಯಲ್ಲಿ ಕುಳಿತು ಶಾಲೆ ಮಕ್ಕಳ ಅಂಗಿ ಚಡ್ಡಿ ಹೊಲಿಯುತ್ತಿರುವ ನನ್ನನ್ನು ಒಬ್ಬರು ಹೀಗೆ ಕೇಳಿದ್ದರು. ದಿನಕ್ಕೆ ಹತ್ತು ಸಲ ಪೋಣಿಸುವ ಕೈ ಅವತ್ತು ದಾರ ಹಿಡಿದುಕೊಂಡು ಸುಮ್ಮನೆ ನಿಂತಿತು. ಎಷ್ಟು ಸಲ ತೂರಿಸಿದರೂ ದಾರ ಸೂಜಿಯ ಪಕ್ಕದಲ್ಲೇ ಹೋಯಿತು. ಗೊತ್ತಿದ್ದ ಕೆಲಸವೊಂದನ್ನು ಒಂದೇ ಮಾತಿನಲ್ಲಿ ಮರೆಸಿದ ಪುಣ್ಯಾತ್ಮರು ನಮ್ಮ ಮನೆಯವರು. ಕೇಳಿದ್ದು ಕುಚೇಷ್ಟೆಗಲ್ಲ. ಹದಿನೇಳು ವರ್ಷ ಸೈನ್ಯದ ಪಲ್ಟನ್ನಿನಲ್ಲಿದ್ದು, ಆಮೇಲೆ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರು ಅವರು. ಕಣ್ಣು ಎಲ್ಲಿಡಬೇಕು ಎನ್ನುವುದು ಅವರಿಗೆ ಊಟದಷ್ಟೇ ಮುಖ್ಯವಾದ ಪ್ರಶ್ನೆಯಾಗಿತ್ತು.

ಈಗ ಅವರಿಲ್ಲ. ಹೋದ ಬೇಸಿಗೆಯ ಒಂದು ಬೆಳಿಗ್ಗೆ, ಬಟ್ಟಲಿನ ಚಹಾ ಆರುವ ಮೊದಲೇ ಹೋದರು. ಅದನ್ನು ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ನಾನು ಓದಿದ್ದು ಅಕ್ಕಲಕೋಟೆ ತಾಲೂಕಿನ ನಮ್ಮೂರ ಕನ್ನಡ ಸಾಲಿಯಲ್ಲಿ, ಏಳನೆಯ ಇಯತ್ತೆಯವರೆಗೆ. ಮಗಳು ಓದಿದ್ದು ಮರಾಠಿಯಲ್ಲಿ. ನಾನು ಬರೆದ ಈ ಅಕ್ಷರಗಳನ್ನು ಅವಳು ಕೂಡಿಸಿ ಕೂಡಿಸಿ ಓದಿ ಅರ್ಧಕ್ಕೆ ಬಿಡುತ್ತಾಳೆ. ಆದ್ದರಿಂದ ಧೈರ್ಯವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಅವರ ಮುಖ ನನಗೆ ಮರೆತು ಹೋಗುತ್ತಿತ್ತು.

ಸತ್ತು ಒಂಬತ್ತು ತಿಂಗಳೂ ಆಗಿಲ್ಲ, ಇದೆಂಥ ಹೆಂಡತಿ ಎನ್ನುವಿರಿ. ನಾನೂ ಅದನ್ನೇ ಅಂದುಕೊಂಡೆ. ದನಿ ನೆನಪಿತ್ತು, ಕೆಮ್ಮು ನೆನಪಿತ್ತು, ಕಡಕ್ ಭಾಕರಿಯನ್ನು ಮುರಿಯುವಾಗಿನ ಚಟ್ ಎನ್ನುವ ಸದ್ದು ಕೂಡ. ಆದರೆ ಕಣ್ಣು ಮುಚ್ಚಿ ಮುಖವನ್ನು ಕರೆದರೆ ಗೋಡೆಯ ಮೇಲಿನ ಫೋಟೋ ಬರುತ್ತಿತ್ತು. ಕೋಟು, ಟೈ ಹಾಕಿದ ಯಾರೋ ಸಾಹೇಬರು. ಜೀವಮಾನದಲ್ಲಿ ಟೈ ಕಟ್ಟದ ಮನುಷ್ಯನಿಗೆ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಅದನ್ನು ಕಟ್ಟಿದ್ದ. ಇನ್ನು ಚೌಕಟ್ಟು ಮೈದುನ ಶರಣಪ್ಪ ಅಕ್ಕಲಕೋಟೆಯಿಂದ ತಂದದ್ದು. ದೇವರ ಪಟಕ್ಕೆಂದು ಮಾಡಿದ ಚೌಕಟ್ಟು ಅದು. ಒಳಗೆ ಹೂವಿನ ಹಾರ ಹಿಡಿಸಲಿ ಎಂದು ಗಾಜಿಗೂ ಚಿತ್ರಕ್ಕೂ ನಡುವೆ ಬೆರಳು ದಪ್ಪದ ಸಂದು ಬಿಟ್ಟಿದ್ದಾರೆ. "ಘಟ್ಟಿ ಐತ್ರಿ ವೈನಿ, ನೂರು ವರ್ಷ ಬಾಳತೈತಿ," ಎಂದಿದ್ದ. ಚೌಕಟ್ಟಿನ ಆಯುಷ್ಯ ಕೇಳಿ ನಾನೇನು ಮಾಡಲಿ?

ಹೋದ ತಿಂಗಳು ಚಳಿ ಹೆಚ್ಚಾಯಿತೆಂದು ಟ್ರಂಕಿನಿಂದ ಕಂಬಳಿ ತೆಗೆಯಲು ಹೋದೆ. ತಳದಲ್ಲಿ ಅವರ ಹಸಿರು ಉಣ್ಣೆಯ ಕಾಲುಚೀಲ ಸಿಕ್ಕಿತು. ಒಳಗೆ ಗಟ್ಟಿಯಾಗಿ ಏನೋ ಇತ್ತು. ಕೈ ಹಾಕುವ ಮೊದಲೇ ಗೊತ್ತಾಯಿತು, ದುರ್ಬೀನು.

ಇದು ದೂರ ನೋಡುವ ಜೋಡಿ ಕೊಳವೆಯ ದುರ್ಬೀನಲ್ಲ. ಬಂದೂಕಿನ ಬೆನ್ನ ಮೇಲೆ ಕೂಡಿಸುವ ಒಂದೇ ಕೊಳವೆಯದು. ನೌಕರಿ ಮುಗಿದ ಮೇಲೆ ಭಾನುವಾರಗಳಂದು ಅವರು ಒಂದು ಶೆಡ್ಡಿನಲ್ಲಿ ಗಾಳಿ ಬಂದೂಕು ಕಲಿಯುವವರಿಗೆ ಗುರಿ ಹೇಳಿಕೊಡುತ್ತಿದ್ದರು. ಆ ಶೆಡ್ಡು ಮುಚ್ಚಿದಾಗ ಅಲ್ಲಿಯವರು ನೆನಪಿಗೆಂದು ಇದನ್ನು ಕೊಟ್ಟರು. ಬಂದೂಕಿಲ್ಲದ ದುರ್ಬೀನು. ಎತ್ತಿಲ್ಲದವನಿಗೆ ಬಾರಕೋಲು ಕೊಟ್ಟ ಹಾಗೆ ಎಂದು ನಾನು ನಕ್ಕಿದ್ದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಸಂಜೆ ಮಾಳಿಗೆಯ ಮೇಲೆ ಕುಳಿತು ಅದರಲ್ಲಿ ಊರೆಲ್ಲ ನೋಡುತ್ತಿದ್ದರು. ಸಿದ್ಧೇಶ್ವರ ಕೆರೆಯ ಕಡೆಯಿಂದ ಬರುವ ಬೆಳ್ಳಕ್ಕಿ ಸಾಲು, ಯಾರದೋ ಮಾಳಿಗೆಯಲ್ಲಿ ಒಣ ಹಾಕಿದ ಶೇಂಗಾ, ಇನ್ಯಾರದೋ ತಂತಿಗೆ ಸಿಕ್ಕ ಗಾಳಿಪಟ. ಸೋಲಾಪುರದ ಬೇಸಿಗೆಯಲ್ಲಿ ಆ ಕೊಳವೆಯೊಳಗೆ ನೋಡಿದರೆ ಊರು ನೀರಿನಡಿಯಲ್ಲಿ ಇರುವಂತೆ ಕಾಣುತ್ತದೆ. ಗೋಡೆ, ಗಿಡ, ಗೋಪುರ ಎಲ್ಲವೂ ಮೆಲ್ಲಗೆ ತೂಗುತ್ತವೆ. ಬಿಸಿ ಗಾಳಿ ಮೇಲೇಳುವುದು ಕಣ್ಣಿಗೆ ಕಾಣುತ್ತದೆ.

ಒಂದು ಸಂಜೆ ನಾನೂ ಕೇಳಿ ಇಸಿದುಕೊಂಡಿದ್ದೆ. ಆತುರದಲ್ಲಿ ಕಣ್ಣಿಗೆ ಒತ್ತಿ ಹಿಡಿದೆ.

"ಏನೂ ಕಾಣವಲ್ದು. ಬರೇ ಕತ್ತಲಿ," ಅಂದೆ.

"ಒತ್ತಿ ಹಿಡಿದ್ರ ಕತ್ತಲಿನ ಕಾಣತೈತಿ. ಹಿಂದ ಸರಿ. ನಾಕ ಬೆರಳ ದೂರ."

"ದೂರ ಇದ್ದದ್ದನ್ನ ಹತ್ರ ತೋರಸಾಕ ಅಲ್ಲೇನ್ರಿ ಇದು ಇರೂದು? ಮತ್ತ ಇದರಿಂದನ ದೂರ ಇರಬೇಕ?"

"ಹೌದ್ರಿ ಟೇಲರಬಾಯಿ. ಇರಬೇಕ್ರಿ."

ಟೇಲರಬಾಯಿ ಎನ್ನುವುದು ನನ್ನನ್ನು ಕೆಣಕುವಾಗಿನ ಹೆಸರು. ಹಿಂದೆ ಸರಿದೆ. ತಟ್ಟನೆ ದುಂಡನೆಯ ಬೆಳಕು ತೆರೆಯಿತು. ನಡುವೆ ಎರಡು ತೆಳುವಾದ ಗೆರೆ, ಒಂದು ಅಡ್ಡ, ಒಂದು ಉದ್ದ. ನಮ್ಮ ಬಟ್ಟೆಯ ಮೇಲೆ ಗುಂಡಿಯ ಜಾಗಕ್ಕೆ ಗುರುತು ಹಾಕುತ್ತೇವಲ್ಲ, ಹಾಗೆ. ಆ ಗುರುತಿನ ಆಚೆ ಕೆಂಪು ಗಾಳಿಪಟ. ಗೆರೆ ನೋಡಿದರೆ ಗಾಳಿಪಟ ಕರಗುತ್ತಿತ್ತು, ಗಾಳಿಪಟ ನೋಡಿದರೆ ಗೆರೆ ಕರಗುತ್ತಿತ್ತು.

"ಯಾವುದನ್ನ ನೋಡ್ಲಿ? ಗೆರಿನೋ, ಗಾಳಿಪಟಾನೋ?"

ಅವರಿಗೆ ಎಷ್ಟು ಖುಷಿಯಾಯಿತೆಂದರೆ ಕುಳಿತಿದ್ದವರು ಎದ್ದೇ ನಿಂತರು. "ಪಲ್ಟನ್‌ನ್ಯಾಗ ಮೊದಲನೇ ದಿನಾ ನಾ ಕೇಳಿದ್ದ ಇದ ಮಾತು ನೋಡು! ಮೊದಲ ಎರಡನ್ನೂ ನೋಡಬ್ಯಾಡ. ಬರೇ ಆಕಾಶದ ಕಡೆ ಹಿಡಿ. ಎರಡ ಎಣಿಸೂದ್ರಾಗ ನೋಡಿ ಕಣ್ಣ ತಗಿ. ಗೆರಿ ಮಸಕ ಇದ್ರ ತುದಿಗಿರೂ ಈ ದುಂಡ ಬಳಿ ತಿರುವು. ಮತ್ತ ಎರಡ ಎಣಿಸು. ದಿಟ್ಟಿಸಿ ಮಾತ್ರ ನೋಡಬ್ಯಾಡ."

"ಯಾಕ?"

"ದಿಟ್ಟಿಸಿದ್ರ ಕಣ್ಣ ಸುಳ್ಳ ಹೇಳತೈತಿ. ಮಸಕ ಇದ್ದದ್ದನ್ನೂ ತಾನ ಎಳದಾಡಿ ಸಾಫ್ ಮಾಡಿ ತೋರಸತೈತಿ. ಆಮ್ಯಾಲ ದಣದು ಕೈ ಬಿಡತೈತಿ. ಗೆರಿ ಖರೇನ ಸಾಫ್ ಆತಂದ್ರ, ಆಗ ಗುರಿ ನೋಡು. ಗೆರಿ ತಾನ ಬಂದು ಅದರ ಮ್ಯಾಲ ಕೂಡತೈತಿ. ಎರಡೂ ಒಂದ ತಾವಿನ್ಯಾಗ ಕೂತಮ್ಯಾಲ ಕಣ್ಣಿಗೆ ಆರಿಸೂ ಕೆಲಸಾನ ಇಲ್ಲ."

ಆಮೇಲೆ ತಲೆ ಆಚೀಚೆ ಮಾಡಿಸಿದರು. ಗಾಳಿಪಟದ ಮೇಲಿದ್ದ ಗೆರೆ ಜಾರಿ ಪಕ್ಕಕ್ಕೆ ಹೋಯಿತು. "ಜಾರಿತ್ರಿ," ಅಂದೆ.

"ಅಂದ್ರ ಗೆರಿ ಒಂದ ತಾವಿನ್ಯಾಗ, ಗುರಿ ಒಂದ ತಾವಿನ್ಯಾಗ ಅದಾವು. ನಡುವ ಸಂದೈತಿ. ಸಂದ ಕಳಿಯಾಕ ಆಗಲಿಲ್ಲಂದ್ರ, ತಲಿ ದಿನಾ ಒಂದ ಜಾಗಾಕ್ಕ ಇಡೂದ ಕಲೀಬೇಕು. ಅಷ್ಟ."

ಅಷ್ಟೇ ಅನ್ನುವ ಮಾತಿನಲ್ಲಿ ಅವರು ಎಷ್ಟೋ ವರ್ಷ ಕಲಿತದ್ದನ್ನು ಮುಗಿಸಿಬಿಟ್ಟರು. ಆಮೇಲೆಯೇ ಅವರು ನನ್ನ ಸೂಜಿ ದಾರದ ಪ್ರಶ್ನೆ ಕೇಳಿದ್ದು. ಎರಡು ದಿನ ಯೋಚಿಸಿ ನಾನು ಉತ್ತರ ಕಂಡುಹಿಡಿದೆ: ಸೂಜಿಯ ಹಿಂದೆ ಒಂದು ಬಿಳಿ ಚಿಂದಿ ಹಿಡಿಯುತ್ತೇನೆ, ಆಗ ಸೂಜಿಯ ಕಣ್ಣು ತಾನಾಗಿ ತೆರೆಯುತ್ತದೆ, ದಾರವನ್ನು ನೋಡುವುದೇ ಇಲ್ಲ. "ಅದ ನಮ್ಮ ಆಕಾಶ," ಎಂದು ಅವರು ತಲೆದೂಗಿದರು. ಗಂಡ ಹೆಂಡತಿ ಒಂದೇ ಮಾತಿಗೆ ಒಪ್ಪಿದ ದಿನಗಳು ಬಹಳ ಇರುವುದಿಲ್ಲ. ಆದ್ದರಿಂದ ಅದು ನೆನಪಿದೆ.

ನಿಜ ಹೇಳಬೇಕೆಂದರೆ ಗುರಿಯ ವಿಷಯದಲ್ಲಿ ನನ್ನ ಹೆಸರು ಮೊದಲಿನಿಂದಲೂ ಕೆಟ್ಟದ್ದು. ಚಿಕ್ಕಂದಿನಲ್ಲಿ ಜೋಳ ಹಾಲುಕಾಳು ಕಟ್ಟಿದಾಗ ಅಪ್ಪ ಹೊಲದ ನಡುವೆ ನಾಲ್ಕು ಕಂಬದ ಅಟ್ಟ ಕಟ್ಟುತ್ತಿದ್ದ. ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವುದು. ಅಪ್ಪನ ಕವಣೆ ಒಂದು ಸುತ್ತು ತಿರುಗಿ ಬಿಟ್ಟಿತೆಂದರೆ ಕಲ್ಲು ಹೊಲದ ತುದಿಯಲ್ಲಿ ಬೀಳುತ್ತಿತ್ತು, ಗಿಳಿಗಳ ಹಿಂಡು ಹಸಿರು ಸೆರಗು ಕೊಡವಿದ ಹಾಗೆ ಮೇಲೇಳುತ್ತಿತ್ತು. ನಾನು ಬೀಸಿದ ಕಲ್ಲು ಹಿಂದಕ್ಕೆ ಹೋಗಿ ಬೇವಿನ ಗಿಡದ ಬುಡದಲ್ಲಿದ್ದ ನಮ್ಮದೇ ನೀರಿನ ಕೊಡ ಒಡೆಯಿತು. ಅಪ್ಪ ಬಯ್ಯಲಿಲ್ಲ. ಬಗ್ಗಿ ಕೊಡದ ಬೋಕಿ ಚೂರು ಆರಿಸುತ್ತ, "ನೀ ಕಲ್ಲಿನ ಬೆನ್ನ ಹತ್ತೀದಿ, ಮಗಳ. ಕಲ್ಲ ನೋಡಬಾರದು. ಹಕ್ಕಿ ನೋಡಬೇಕು," ಎಂದ. ಅವ್ವ ಮಾತ್ರ ಕೊಡ ನೋಡಿದಳು. ಆ ದಿನ ನನಗೆ ಸೀತನಿ ಇಲ್ಲ. ಎಳೆ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿ ಉದುರಿಸಿದ ಬಿಸಿ ಕಾಳಿನ ವಾಸನೆಯನ್ನು ದೂರ ಕುಳಿತು ಕುಡಿದೆ. ಇವತ್ತಿಗೂ ಸೀತನಿ ತಿಂದರೆ ನನಗೆ ಒಡೆದ ಕೊಡದ ಹಸಿ ಮಣ್ಣಿನ ವಾಸನೆಯೂ ಬರುತ್ತದೆ.

ಎಲ್ಲಿಗೋ ಹೋದೆ. ಟ್ರಂಕಿನ ಮುಂದೆ ಕುಳಿತಿದ್ದೆನಲ್ಲ.

ಕಾಲುಚೀಲದಿಂದ ದುರ್ಬೀನು ತೆಗೆದು ಕಿಟಕಿಯ ಕಡೆ ಹಿಡಿದೆ. ಮತ್ತೆ ಅದೇ ತಪ್ಪು, ಮತ್ತೆ ಅದೇ ಕತ್ತಲೆ. ನಾಕ ಬೆರಳ ದೂರ ಎಂದ ದನಿ ಕೇಳಿಸಿತು. ದನಿಗೇನು ಬರ? ಅಳತೆ ತಪ್ಪಬಾರದೆಂದು ಎಡಗೈಯ ನಾಲ್ಕು ಬೆರಳನ್ನು ಒತ್ತೊತ್ತಾಗಿ ಕೂಡಿಸಿ ಹುಬ್ಬಿಗೂ ಕೊಳವೆಗೂ ನಡುವೆ ಇಟ್ಟೆ. ತೋರುಬೆರಳು ನನ್ನ ಬಲಹುಬ್ಬಿಗೆ ತಾಗಿತು. ಹುಬ್ಬು ನುಣ್ಣಗಿತ್ತು.

ನುಣ್ಣಗಿದೆಯಲ್ಲ ಎಂದು ಬೆರಳಿಗೆ ಆಶ್ಚರ್ಯವಾಯಿತು. ನಂಬಿ, ನನಗಲ್ಲ, ಬೆರಳಿಗೆ. ಭಾನುವಾರಗಳಂದು ಅವರ ತಲೆಗೆ ಎಣ್ಣೆ ತಿಕ್ಕುತ್ತ ಹಣೆಗೆ ಇಳಿದಾಗ ಬಲಹುಬ್ಬಿನ ಮೇಲೆ ಸಣ್ಣ ಏಣೊಂದು ಬೆರಳಿಗೆ ಸಿಗುತ್ತಿತ್ತು. ಅಲ್ಲಿ ಕೂದಲಿಲ್ಲ. ಅರ್ಧಚಂದ್ರದ ಹಾಗೆ ಒಂದು ಬಿಳಿ ಕಲೆ. ದುರ್ಬೀನಿನ ಬಂದೂಕನ್ನು ಮೊದಲ ಸಲ ಕೈಗೆ ಕೊಟ್ಟ ದಿನ ಆತುರಪಟ್ಟು ಕಣ್ಣು ಹತ್ತಿರ ಒಯ್ದಿದ್ದರಂತೆ. ಗುಂಡು ಮುಂದೆ ಹೋಯಿತು, ಬಂದೂಕು ಹಿಂದೆ ಬಂತು, ಕೊಳವೆಯ ಅಂಚು ಹುಬ್ಬನ್ನು ಕೊರೆಯಿತು. ನಾಲ್ಕು ಬೆರಳಿನ ಲೆಕ್ಕ ಅವರು ಕಲಿತದ್ದು ಹಾಗೆ.

ಅವರು ನನ್ನನ್ನು ನೋಡಲು ಬಂದ ದಿನ ನಮ್ಮ ಸೋದರತ್ತೆ ಆ ಕಲೆಯನ್ನೇ ನೋಡುತ್ತ ಕುಳಿತಿದ್ದಳು. ಹುಡುಗ ಜಗಳಗಂಟನೇನೋ ಎಂದು ಅವಳ ಅನುಮಾನ.

"ಹುಬ್ಬಿಗೇನಾಗೇತಿ ತಮ್ಮಾ?"

"ಬಂದೂಕ ಒದ್ದೈತ್ರಿ ಅತ್ತಿ."

"ಬಂದೂಕ ಮುಂದ ಹೊಡೀತೈತಿ ಅಂತ ಕೇಳೀನಿ. ಹಿಂದ ಹ್ಯಾಂಗ ಒದೀತೈತಿ?"

"ಎಮ್ಮಿ ಹಿಂಡಾಕ ಕೂತವರಿಗೆ ಒದೆಯಂಗಿಲ್ಲೇನ್ರಿ? ಹಂಗ."

ಸೋದರತ್ತೆ ಫಕ್ಕನೆ ನಕ್ಕಳು. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನೂ ನಕ್ಕೆ. ಲಗ್ನ ಅಲ್ಲಿಗೇ ಆಯಿತು ಎನ್ನಬೇಕು. ಉಳಿದದ್ದು ಊಟದ ಏರ್ಪಾಡು.

ದುರ್ಬೀನು ಕೆಳಗಿಟ್ಟು ಎದ್ದು ಫೋಟೋದ ಮುಂದೆ ನಿಂತೆ. ಕಲೆ ಇರಲಿಲ್ಲ. ಎರಡೂ ಹುಬ್ಬು ಒಂದೇ ಸಮ, ಒಂದೇ ನುಣುಪು, ಹೊಸ ಬಟ್ಟೆಯ ಅಂಚಿನ ಹಾಗೆ. ಇಷ್ಟು ತಿಂಗಳು ದಿನಾ ಬೆಳಿಗ್ಗೆ ದೀಪ ಹಚ್ಚಿ ದಿಟ್ಟಿಸಿ ನೋಡಿದ್ದೇನೆ. ನೋಡಿದ್ದೇನೆ, ಕಂಡಿರಲಿಲ್ಲ. ದಿಟ್ಟಿಸಿದ ಕಣ್ಣು ಸುಳ್ಳು ಹೇಳುತ್ತದೆ ಎಂದು ಅವರು ಸುಮ್ಮನೆ ಅಂದಿರಲಿಲ್ಲ. ಆ ಸಾಹೇಬರ ಮುಖವನ್ನೇ ನೋಡಿ ನೋಡಿ ನನ್ನವರ ಮುಖದ ಮೇಲೆ ನಾನೇ ಅದನ್ನು ಹೊಲಿದುಬಿಟ್ಟಿದ್ದೆ.

ಬೇರೆ ಫೋಟೋ ಇಲ್ಲವೇ ಎಂದು ಕೇಳುತ್ತೀರಿ. ಇವೆ. ಲಗ್ನದ ಫೋಟೋದಲ್ಲಿ ಹಣೆಗೆ ಬಾಸಿಂಗ ಕಟ್ಟಿದೆ, ಮೂಗಿನಿಂದ ಮೇಲಕ್ಕೆ ಏನೂ ಕಾಣುವುದಿಲ್ಲ. ಪಲ್ಟನ್ನಿನ ಫೋಟೋದಲ್ಲಿ ಟೊಪ್ಪಿಗೆಯ ನೆರಳು. ಗುರುತಿನ ಕಾರ್ಡಿನಲ್ಲಿ ಸರಕಾರದ ದುಂಡನೆಯ ಸಿಕ್ಕಾ ಸರಿಯಾಗಿ ಬಲಹುಬ್ಬಿನ ಮೇಲೆಯೇ ಬಿದ್ದಿದೆ. ಮಗಳ ಮೊಬೈಲಿನಲ್ಲಿ ಇರುವವೆಲ್ಲ ದಪ್ಪ ಚೌಕಟ್ಟಿನ ಚಾಳೀಸಿನವು. ಒಂದು ಕಲೆಯನ್ನು ಮುಚ್ಚಲು ಇಷ್ಟು ಜನ ಸೇರಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

ಮರುದಿನ ಸ್ಟುಡಿಯೋಕ್ಕೆ ಹೋದೆ. ನಮ್ಮ ಓಣಿಯ ತಿರುವಿನಲ್ಲೇ ಇದೆ. ಅದನ್ನು ನಡೆಸುವವನು ಮರಾಠಿಯವನು, ಒಳ್ಳೆಯವನು. ನಾನು ಹುಬ್ಬು ತೋರಿಸಿ ಕೇಳಿದೆ. ಅವನ ಮುಖ ಅರಳಿತು. "ಕಾಕು, ತಿಥ ಡಾಗ ಹೋತಾ. ಮೀ ಕಾಢೂನ್ ಟಾಕಲಾ!" ಅಂದ. ಅಲ್ಲೊಂದು ಕಲೆಯಿತ್ತು, ತೆಗೆದುಹಾಕಿದೆ ಎಂದು. ಅದಕ್ಕೆ ಬೇರೆ ದುಡ್ಡು ತೆಗೆದುಕೊಂಡಿಲ್ಲ, ಪ್ರೀತಿಯಿಂದ ಮಾಡಿದ್ದು ಎಂದೂ ಹೇಳಿದ. ತೆಗೆಯುವ ಮೊದಲಿನದು ಇದೆಯೇ ಎಂದರೆ ಇಲ್ಲ, ಕಂಪ್ಯೂಟರ್ ಬದಲಾಗಿದೆ. ಬೇಕಾದರೆ ಹೊಸ ಕಲೆ ಹಾಕಿಕೊಡುತ್ತೇನೆ, ಹೇಗಿತ್ತು ಹೇಳಿ ಎಂದ. ಬಾಯಿಂದ ಹೇಗೆ ಹೇಳುವುದು? ಅದು ಬೆರಳಿಗೆ ಗೊತ್ತಿದ್ದದ್ದು. ಬೇಡಪ್ಪಾ ಎಂದು ಬಂದೆ.

ಸೋಮವಾರ ಬಂತು. ಸೋಮವಾರ ಫೋಟೋದ ಗಾಜು ಒರೆಸಿ ಹಣೆಗೆ ಮೂರು ಬೆರಳಿನ ವಿಭೂತಿ ಎಳೆಯುವುದು ನಮ್ಮ ಮನೆಯ ಪದ್ಧತಿ. ನೀರಲ್ಲಿ ಕಲಸಿದ ವಿಭೂತಿಯ ಬಟ್ಟಲು ಹಿಡಿದು ಸ್ಟೂಲು ಹತ್ತಿದೆ. ಮೂರು ಗೆರೆ ಎಳೆದೆ. ಇಳಿಯಲಿಲ್ಲ. ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು, ಅದರ ತುದಿಯನ್ನು ವಿಭೂತಿಯಲ್ಲಿ ಅದ್ದಿ, ಬಲಹುಬ್ಬಿನ ಮೇಲೆ ಒಂದು ಸಣ್ಣ ಅರ್ಧಚಂದ್ರ ಬರೆದೆ. ಮೂವತ್ತು ವರ್ಷ ಕಾಲರಿನ ದುಂಡು ತಿರುಗಿಸಿದ ಕೈ.

ಸ್ಟೂಲನ್ನು ಮಷಿನ್ನಿನ ಹಿಂದೆ ಅದರ ಜಾಗಕ್ಕೆ ಒಯ್ದು ಕುಳಿತು ತಲೆ ಎತ್ತಿದೆ. ಕಲೆ ಹುಬ್ಬಿನ ಮೇಲಿರಲಿಲ್ಲ. ಹಣೆಗೆ ಏರಿ ವಿಭೂತಿಯ ಕೆಳಗೆ ಅಡ್ಡಾದಿಡ್ಡಿ ಕುಳಿತಿತ್ತು. ಸ್ಟೂಲು ಒಯ್ದು ಮತ್ತೆ ಹತ್ತಿ ನೋಡಿದೆ, ಹುಬ್ಬಿನ ಮೇಲೇ ಇದೆ. ಬಂದು ಕುಳಿತೆ, ಹಣೆಗೆ ಏರಿದೆ. ಮೂರು ಸಲ ಹೀಗಾಯಿತು. ಆಗ ಹೊಳೆಯಿತು. ಬರೆದದ್ದು ಗಾಜಿನ ಮೇಲೆ, ಹುಬ್ಬು ಇರುವುದು ಬೆರಳು ದಪ್ಪ ಹಿಂದೆ. ಗೆರೆ ಒಂದು ತಾವಿನಲ್ಲಿ, ಗುರಿ ಒಂದು ತಾವಿನಲ್ಲಿ. ಶರಣಪ್ಪನ ನೂರು ವರ್ಷದ ಚೌಕಟ್ಟು!

ಆಗಲೇ ಬಾಗಿಲಲ್ಲಿ ಅವನ ಚಪ್ಪಲಿ ಸದ್ದಾಯಿತು. ಕಂದಲಗಾಂವದ ಹೊಲದಿಂದ ಸೀತನಿಯ ಗಂಟು ಹಿಡಿದು ಬಂದಿದ್ದ. ದುರ್ಬೀನಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಗಿಳಿ ಯಾವ ದಿಕ್ಕಿನಿಂದ ಜೋಳಕ್ಕೆ ಇಳಿಯುತ್ತವೆ ಎಂದು ನೋಡಲು ಬೇಕಂತೆ. ಊರ ಚಹಾದಂಗಡಿಯಲ್ಲಿ ಯಾರು ಕೂತಿದ್ದಾರೆ ಎಂದು ಹೊಲದಿಂದಲೇ ನೋಡಲು ಎಂದು ನನ್ನ ಗುಮಾನಿ.

ಬಂದವನೇ ಫೋಟೋ ನೋಡಿದ. "ಇದೇನ್ರಿ ವೈನಿ, ಅಣ್ಣನ ಹಣಿಗೆ ಹಕ್ಕಿ ಹೇತಂಗ ಆಗೇತಿ!"

ಹೋದವರ ಮುಂದೆ ಆಡುವ ಮಾತೇ ಅದು? ಆದರೂ ನಗು ಬಂತು. ಅವರು ಹೋದಾಗಿನಿಂದ ಈ ಮನೆಯಲ್ಲಿ ಇಲ್ಲದ ನಗು.

"ಮಾತ ಸಾಕು. ಬಾ, ನನ್ನ ಜಾಗಾದಾಗ ಕೂಡು. ಬಗ್ಗಿ ಕೂಡು, ನನ್ನಷ್ಟ ಎತ್ತರಕ್ಕ. ಇನ್ನೂ ಬಗ್ಗು."

"ಇನ್ನ ಬಗ್ಗಿದ್ರ ಮಷಿನ್ ಒಳಗ ಹೋಗತೀನ್ರಿ. ಏನ್ ಮಾಡಾಕತ್ತೀರಿ?"

"ಅಲ್ಲೇ ಇರು. ತಲಿ ಅಲ್ಲಾಡಸಬ್ಯಾಡ. ಅಣ್ಣನ ಬಲಹುಬ್ಬಿನ ಮ್ಯಾಲ ಏನ ಇತ್ತು, ನೆನಪೈತಿಲ್ಲ?"

ಅವನು ತನ್ನ ಹುಬ್ಬು ಮುಟ್ಟಿಕೊಂಡ. ಮೆಲ್ಲಗೆ, "ಬಂದೂಕ ಒದ್ದದ್ದು," ಎಂದ.

"ಅದು ಎಲ್ಲಿ ಬರಬೇಕಂತ ಹೇಳು. ನಾ ಇಲ್ಲಿಂದ ನೋಡಿದ್ರ ಸುಳ್ಳ ಕಾಣತೈತಿ."

ಬುಟ್ಟಿ ಬೋರಲು ಹಾಕಿ ಅದರ ಮೇಲೆ ನಿಂತು ಮೊದಲಿನ ಚಂದ್ರನನ್ನು ಸೆರಗಿನಿಂದ ಒರೆಸಿದೆ. ಕಡ್ಡಿ ಅದ್ದಿದೆ. ಹಿಂದಿನಿಂದ ಅವನು ಹೇಳುತ್ತ ಹೋದ. "ಕೆಳಗ. ಇನ್ನ ಕೆಳಗ. ಒಂದ ನೂಲು ಎಡಕ್ಕ." ನನ್ನ ಕಣ್ಣೆದುರಿಗೆ ಕಡ್ಡಿಯ ತುದಿ ಹುಬ್ಬು ದಾಟಿ ಅವರ ಕಣ್ಣಿನ ರೆಪ್ಪೆಯ ಮೇಲೆ ಬಂದಿತ್ತು. ಇಲ್ಲಿ ಬರೆದರೆ ಕಣ್ಣಿಗೇ ಬರೆದಂತೆ. ಕೈ ಹಿಂದೆ ಸರಿಯಿತು.

"ಅಲ್ಲೇರಿ ವೈನಿ. ಅಲ್ಲೇ. ಇನ್ನರ್ಧ ನೂಲು ಕೆಳಗ."

ಕಾಣುವುದನ್ನು ಬಿಟ್ಟು ಅವನ ಮಾತು ನಂಬಿ ಗೆರೆ ಎಳೆದೆ.

"ಏನಪಾ, ಮತ್ತ ಹಕ್ಕಿ ಹೇತೈತೇನು?"

"ಇಲ್ರಿ," ಎಂದ. "ಬಂದ ನೋಡ್ರಿ ಅಣ್ಣ."

ಸೀತನಿ ತಿಂದೆವು. ದುರ್ಬೀನನ್ನು ಕಾಲುಚೀಲದ ಸಮೇತ ಅವನಿಗೇ ಕೊಟ್ಟೆ. ನಾಲ್ಕು ಬೆರಳು ದೂರ ಹಿಡಿ ಎಂದೆ. ಬಂದೂಕೇ ಇಲ್ಲ, ಒದೆಯುವುದು ಯಾರು ಎಂದು ನಗುತ್ತ ಹೋದ.

ವಿಭೂತಿ ನಾಲ್ಕೈದು ದಿನಕ್ಕೆ ಉದುರುತ್ತದೆ. ಸೋಮವಾರ ಮತ್ತೆ ಬರೆಯುತ್ತೇನೆ, ಕಣ್ಣ ರೆಪ್ಪೆಯ ಮೇಲೆ, ಅದೇ ಜಾಗದಲ್ಲಿ. ಮನೆಗೆ ಬಂದವರು ಬಾಗಿಲಲ್ಲಿ ನಿಂತು ನೋಡಿ, ಪಾಪ, ಇವಳಿಗೆ ಕಣ್ಣು ಮಂದವಾಗಿದೆ, ಎಲ್ಲೋ ಹಚ್ಚುತ್ತಾಳೆ ಎಂದುಕೊಳ್ಳುತ್ತಾರೆ. ಅವರು ನನ್ನ ಜಾಗದಲ್ಲಿ ಕುಳಿತು ನೋಡಿಲ್ಲ. ಮಷಿನ್ನಿನ ಹಿಂದಿನ ಸ್ಟೂಲಿನ ನಾಲ್ಕು ಕಾಲಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ್ದೇನೆ. ದಾರ ಮುಗಿದಾಗ ಅಲ್ಲಿಂದ ಒಮ್ಮೆ ತಲೆ ಎತ್ತುತ್ತೇನೆ. ಒಂದು, ಎರಡು. ಅಷ್ಟೇ. ಮತ್ತೆ ಕಣ್ಣು ಇಳಿಸಿ, ಸೂಜಿಯ ಹಿಂದೆ ಬಿಳಿ ಚಿಂದಿ ಹಿಡಿಯುತ್ತೇನೆ.